ಹೆಸರು ಬಿಟ್ಟುಕೊಟ್ಟವನ ಹಾಡುಗಳು

ಫ್ಲೀಟ್‌ವುಡ್ ಮ್ಯಾಕ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು 1977ರ ‘ರೂಮರ್ಸ್’. ನಾನಿಂದು ಹೇಳಹೊರಟಿರುವುದು ಅದಕ್ಕೂ ಹಿಂದಿನ ಕಥೆ. 1971ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ಗ್ರೇಟೆಸ್ಟ್ ಹಿಟ್ಸ್’ ಎಂಬ ಧ್ವನಿಮುದ್ರಿಕೆ ಅದನ್ನು ಹಿಡಿದಿಟ್ಟಿದೆ.

1967ರಲ್ಲಿ ಲಂಡನ್ನಿನಲ್ಲಿ ಈ ತಂಡ ಕಟ್ಟಿದಾತ ಗಿಟಾರ್ ವಾದಕ ಪೀಟರ್ ಗ್ರೀನ್. ಆದರೆ ತಂಡಕ್ಕೆ ಆತ ಇಟ್ಟದ್ದು ತನ್ನ ಹೆಸರನ್ನಲ್ಲ. ಡ್ರಮ್ ಬಾರಿಸುವ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ಗಿಟಾರಿನ ಜಾನ್ ಮೆಕ್‌ವೀ ಅವರ ಹೆಸರನ್ನು.

ಇವರ ಬಂಡವಾಳವೆಲ್ಲ ಅಮೆರಿಕದ ಕಪ್ಪು ಜನರ ಬ್ಲೂಸ್. ಮುದ್ರಿಕೆಯಲ್ಲಿರುವ ‘ಶೇಕ್ ಯುವರ್ ಮನಿಮೇಕರ್’ 1963ರಲ್ಲಿ ತೀರಿಕೊಂಡ ಎಲ್ಮೋರ್ ಜೇಮ್ಸ್ ಅವರ ಹಾಡು. ಆ ಋಣವನ್ನು ಇವರು ಬಚ್ಚಿಡಲಿಲ್ಲ. 1969ರ ಜನವರಿಯಲ್ಲಿ ಷಿಕಾಗೋಗೆ ಹೋಗಿ ವಿಲ್ಲಿ ಡಿಕ್ಸನ್, ಓಟಿಸ್ ಸ್ಪ್ಯಾನ್ ಅವರಂಥ ಹಿರಿಯರೊಡನೆ ಕೂತು ನುಡಿಸಿದರು.

ಅದೇ ವರ್ಷದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ‘ಆಲ್ಬಟ್ರಾಸ್’ ಕೇಳಿ. ಮಾತಿಲ್ಲ, ಬರೀ ವಾದ್ಯ. ಗಿಟಾರು ಎಲ್ಲೂ ಓಡುವುದಿಲ್ಲ. ಒಂದು ಸ್ವರ ಆರುವ ತನಕ ಕಾದು ಇನ್ನೊಂದಕ್ಕೆ ಹೋಗುತ್ತದೆ. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಸಂತಾನಾ ತಂಡದ್ದೆಂದು ನಂಬಿದವರು ಬಹಳ. ಸಂತಾನಾ ಅದನ್ನು ನುಡಿಸಿದ್ದು 1970ರಲ್ಲಿ. ಗ್ರೀನ್ ಬರೆದ ಆ ಹಾಡು 1968ರಲ್ಲೇ ಹೊರಬಂದಿತ್ತು.

ಬಳಿಕ ‘ಮ್ಯಾನ್ ಆಫ್ ದಿ ವರ್ಲ್ಡ್’ ಕೇಳಿ, ಆಮೇಲೆ ‘ದಿ ಗ್ರೀನ್ ಮನಲಿಷಿ’. ಮೊದಲನೆಯದರಲ್ಲಿ ಎಲ್ಲವನ್ನೂ ಪಡೆದವನ ಒಂಟಿತನ. ಎರಡನೆಯದರಲ್ಲಿ ಹಣದ ಬಗೆಗಿನ ದಿಗಿಲು. 1970ರ ಮೇ ತಿಂಗಳಲ್ಲಿ ಗ್ರೀನ್ ತಂಡ ತೊರೆದ. ಮುಂದೆ ಬಹುಕಾಲ ಮಾನಸಿಕ ಕಾಯಿಲೆಯಿಂದ ನರಳಿ, 2020ರಲ್ಲಿ ತೀರಿಕೊಂಡ.

ಜನಪ್ರಿಯ ಹಾಡುಗಳ ಸಂಕಲನವೆಂದರೆ ವ್ಯಾಪಾರಿಯ ಕೆಲಸವೆಂದು ಮೂಗು ಮುರಿಯುವುದುಂಟು. ಆದರೆ ಈ ಹಾಡುಗಳನ್ನು ಬಂದ ವರ್ಷದ ಕ್ರಮದಲ್ಲಿ ಕೇಳಿದರೆ, ಗೆಲ್ಲುತ್ತಲೇ ಕುಗ್ಗಿಹೋದ ಒಬ್ಬ ಮನುಷ್ಯ ನಮ್ಮೆದುರು ಬಂದು ಕೂರುತ್ತಾನೆ.