ಮಿತಿಯ ಪರೀಕ್ಷೆ ವಿಧಾನಸಭೆಯಲ್ಲಿ



ಸರ್ಕಾರದ ಮಿತಿಯ ಬಗ್ಗೆ ಒಂದು ವಿಚಾರ ಸಂಕಿರಣ ಮಾಡುತ್ತೇವೆ, ಆಶಯ ಭಾಷಣಕ್ಕೆ ನೀವು ಬರಬೇಕು ಎಂದು ವಿಭಾಗದವರು ಫೋನ್ ಮಾಡಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಯಾವ ಸರ್ಕಾರದ ಮಿತಿ? ದೆಹಲಿಯದ್ದೋ, ರಾಜ್ಯದ್ದೋ? 'ರಾಜ್ಯದ್ದು ಸಾರ್' ಎಂದರು. ಆ ಕ್ಷಣವೇ ಒಪ್ಪಿಕೊಂಡೆ. ಈ ಮಾತನ್ನು ರಾಜ್ಯದಿಂದ ಶುರು ಮಾಡಬೇಕೆಂದು ಬಹಳ ಕಾಲದಿಂದ ಹೇಳುತ್ತ ಬಂದವನು ನಾನು. ಕೊನೆಗೂ ಒಂದು ವಿಭಾಗ ಹಾಗೆ ಶುರು ಮಾಡಿರುವುದು ನನಗೆ ತುಂಬ ಸಂತೋಷ ತಂದಿದೆ.

ಸರ್ಕಾರ ಕಡಿಮೆ ಮಾಡಬೇಕು, ತೆರಿಗೆ ಇಳಿಸಬೇಕು, ಪ್ರಜೆಯ ಆಸ್ತಿಗೆ ಕೈಹಾಕಬಾರದು ಎಂದು ಹೇಳಿ ಓಟು ಕೇಳುವ ಅಭ್ಯರ್ಥಿ ಭಾರತದಲ್ಲಿ ಇರಲಿಲ್ಲ ಎಂದೇ ನಮ್ಮ ಎಷ್ಟೋ ವಿದ್ಯಾರ್ಥಿಗಳು ನಂಬಿದ್ದಾರೆ. ಇದ್ದ. ಒಬ್ಬನಲ್ಲ, ನೂರಾರು ಜನ ಇದ್ದರು. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಜಂಟಿ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ಅದೇ ವರ್ಷ ಜೂನ್‌ನಲ್ಲಿ ಮದರಾಸಿನಲ್ಲಿ ಸ್ವತಂತ್ರ ಪಕ್ಷದ ಘೋಷಣೆಯಾಯಿತು. ಪಕ್ಷ ಕಟ್ಟಿದ ರಾಜಾಜಿಯವರಿಗೆ ಆಗ ಎಂಬತ್ತು ವರ್ಷ. ಜೊತೆಗೆ ಮಿನೂ ಮಸಾನಿ, ರೈತ ನಾಯಕ ಎನ್.ಜಿ. ರಂಗಾ. ಪಕ್ಷ ಇಪ್ಪತ್ತೊಂದು ತತ್ವಗಳನ್ನು ಮುಂದಿಟ್ಟಿತು. ಅದರಲ್ಲಿ ಕೊನೆಯದು ನನಗೆ ಬಹಳ ಪ್ರಿಯವಾದದ್ದು. ಮೂಲತತ್ವಗಳ ವ್ಯಾಪ್ತಿಗೆ ಬರದ ಯಾವ ವಿಷಯದಲ್ಲೇ ಆಗಲಿ, ಸದಸ್ಯರು ತಮ್ಮ ಅಭಿಪ್ರಾಯ ಇಟ್ಟುಕೊಳ್ಳಲು ಪೂರ್ಣ ಸ್ವತಂತ್ರರು ಎನ್ನುವುದು ಅದರ ಸಾರ. ಸರ್ಕಾರಕ್ಕೆ ಮಿತಿ ಹೇಳುವ ಮೊದಲು ಪಕ್ಷ ತನಗೇ ಒಂದು ಮಿತಿ ಹಾಕಿಕೊಂಡಿತ್ತು. ಭಾರತದ ಪಕ್ಷಗಳ ಇತಿಹಾಸದಲ್ಲಿ ಇದು ದೊಡ್ಡ ವಿಷಯ.

ಇದರ ಬಗ್ಗೆ ನಾವು ಏನು ಓದಿದ್ದೇವೆ? ಹೊವಾರ್ಡ್ ಅರ್ಡ್‌ಮನ್ ಅವರ ಪುಸ್ತಕ ಇಲ್ಲಿರುವ ಹಿರಿಯರೆಲ್ಲರ ಕಪಾಟಿನಲ್ಲಿದೆ. ಇತ್ತೀಚೆಗೆ, 2023ರಲ್ಲಿ, ಆದಿತ್ಯ ಬಾಲಸುಬ್ರಮಣಿಯನ್ ಅವರ ಪುಸ್ತಕ ಬಂದಿದೆ. ಎರಡನೇ ಸಾಲಿನಲ್ಲಿ ಕುಳಿತಿರುವ ನಮ್ಮ ಮಿತ್ರರು ಅದನ್ನು ಎಂ.ಎ. ತರಗತಿಯಲ್ಲಿ ಪಾಠ ಮಾಡುತ್ತಿದ್ದಾರೆ ಎಂದು ಕೇಳಿ ಸಂತೋಷಪಟ್ಟೆ. ಅರವತ್ತರ ದಶಕದ ಮೈಸೂರು ರಾಜಕಾರಣದ ಬಗ್ಗೆ ಸಂಶೋಧನೆ ಮಾಡಿದ ನನ್ನ ಗೆಳೆಯರೂ ಇಲ್ಲೇ ಇದ್ದಾರೆ. ಅವರ ಕೆಲಸವನ್ನು ಅವರೇ ನಾಳೆ ಹೇಳಲಿ. ನನ್ನ ತಕರಾರು ಇವರ ಮೇಲಲ್ಲ, ನಮ್ಮ ಇಡೀ ಶಿಸ್ತಿನ ಮೇಲೆ. ನಾವು ಸ್ವತಂತ್ರ ಪಕ್ಷವನ್ನು ಲೋಕಸಭೆಯ ಲೆಕ್ಕದಲ್ಲಿ ಓದಿದೆವು. 1962ರಲ್ಲಿ 18 ಸ್ಥಾನ, 1967ರಲ್ಲಿ 44, ಆಮೇಲೆ ಕುಸಿತ, 1974ರಲ್ಲಿ ಲೋಕದಳದಲ್ಲಿ ವಿಲೀನ. ಜಮೀನ್ದಾರರ, ಮಹಾರಾಜರ, ಉದ್ಯಮಿಗಳ ಪಕ್ಷ ಎಂದು ಒಂದು ಹೆಸರಿಟ್ಟು ಫೈಲು ಮುಚ್ಚಿದೆವು.

ಇದೇ ದಾರಿ ತಪ್ಪಿದ ಜಾಗ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯನ್ನು ಒಮ್ಮೆ ಓದಿ. ಸಾರ್ವಜನಿಕ ಸುವ್ಯವಸ್ಥೆ, ಪೊಲೀಸ್, ಮದ್ಯ, ಕೃಷಿ, ಭೂಮಿ, ಭೂಕಂದಾಯ, ಮಾರಾಟ ತೆರಿಗೆ: ಸರ್ಕಾರ ಮನೆಬಾಗಿಲಿಗೆ ಬರುವ ದಾರಿಗಳೆಲ್ಲ ಅಲ್ಲೇ ಇವೆ. ರೈತನ ಭತ್ತಕ್ಕೆ ಲೆವಿ ಹಾಕಲು ಬಂದವನು ತಾಲ್ಲೂಕು ಕಚೇರಿಯವನು. ಅಂಗಡಿಯ ಲೆಕ್ಕ ನೋಡಲು ಬಂದವನು ರಾಜ್ಯದ ತೆರಿಗೆ ಅಧಿಕಾರಿ. ಠಾಣೆಗೆ ಕರೆದವನು ರಾಜ್ಯದ ಪೊಲೀಸ್. ಹಾಗಿದ್ದ ಮೇಲೆ, ಸರ್ಕಾರಕ್ಕೆ ಮಿತಿ ಬೇಕು ಎಂದು ಹೇಳುವ ಅಭ್ಯರ್ಥಿಯ ಮಾತಿಗೆ ನಿಜವಾದ ತೂಕ ಬರುವುದು ವಿಧಾನಸಭೆಯ ಚುನಾವಣೆಯಲ್ಲಿ. ಮಸಾನಿಯವರ ಲೋಕಸಭಾ ಭಾಷಣಗಳನ್ನು ನಾವು ಎಷ್ಟು ಬೇಕಾದರೂ ಓದುತ್ತೇವೆ. ಮೈಸೂರು ವಿಧಾನಸಭೆಗೆ 1962ರಲ್ಲಿ ಗೆದ್ದ ಒಂಬತ್ತು ಜನ, 1967ರಲ್ಲಿ ಗೆದ್ದ ಹದಿನಾರು ಜನ ಸ್ವತಂತ್ರ ಪಕ್ಷದ ಶಾಸಕರ ಮಾತನ್ನು ಯಾರು ಓದಿದ್ದಾರೆ?

ನಾನು ಪಿಎಚ್.ಡಿ. ಮಾಡುತ್ತಿದ್ದ ಕಾಲದಲ್ಲಿ ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರರನ್ನು ಮಾತಾಡಿಸಿದ್ದೆ. ಸ್ವತಂತ್ರ ಪಕ್ಷದ ನಕ್ಷತ್ರದ ಗುರುತಿನ ಮೇಲೆ ವಿಧಾನಸಭೆಗೆ ನಿಂತು ಸೋತವರು. ಜಗಲಿಯಲ್ಲಿ ಕೂರಿಸಿ, ಕುಡಿಯಲು ಮಜ್ಜಿಗೆ ಕೊಟ್ಟು, ಒಳಗಿನಿಂದ ಒಂದು ಕರಪತ್ರ ತಂದು ತೋರಿಸಿದರು. ಮಡಿಕೆಗಳಲ್ಲಿ ಹರಿದಿದ್ದ ಗುಲಾಬಿ ಕಾಗದ. ನಾಲ್ಕು ಭರವಸೆ ಇದ್ದವು. ಲೆವಿ ಭತ್ತಕ್ಕೆ ಮಾರುಕಟ್ಟೆಯ ದರ ಕೊಡಬೇಕು. ಜಮೀನು ತೆಗೆದುಕೊಳ್ಳುವ ಮೊದಲೇ ಪೂರ್ತಿ ಪರಿಹಾರ ಕೈಗೆ ಬರಬೇಕು. ಸಣ್ಣ ಅಂಗಡಿಯನ್ನು ಮಾರಾಟ ತೆರಿಗೆಯಿಂದ ಬಿಡಬೇಕು. ಖಾತೆ ಬದಲಾವಣೆಯ ಅರ್ಜಿಯನ್ನು ಗೊತ್ತಾದ ದಿನದೊಳಗೆ ಮುಗಿಸಬೇಕು. ಇದರಲ್ಲಿ ಮಹಾರಾಜರ ಪಕ್ಷ ಎಲ್ಲಿದೆ? ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕಾದು ಕಾದು ಸೋತ ಮನುಷ್ಯನ ಬೇಡಿಕೆಗಳಿವು. ಗೆದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. 'ಗೆದ್ದೋನ ಮನೆಗೆ ಮಾರನೇ ಬೆಳಗ್ಗೆ ಶಿಫಾರಸು ಕೇಳೋರು ಬಂದು ಕೂರ್ತಾರಪ್ಪ. ಅವರನ್ನ ವಾಪಸು ಕಳಿಸೋ ಧೈರ್ಯ ನನಗಿತ್ತೋ ಇಲ್ಲವೋ ದೇವರಿಗೇ ಗೊತ್ತು' ಎಂದರು.

ಆ ಮಾತು ಈಗಿನ ಶಾಸಕರಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಬಗರ್ ಹುಕುಂ ಸಕ್ರಮ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ಸರ್ಕಾರಿ ಜಮೀನು ಯಾರ ಹೆಸರಿಗೆ ಆಗಬೇಕು ಎಂಬ ಪಟ್ಟಿ ಅವರ ಮುಂದೆ ಬರುತ್ತದೆ. ಆಶ್ರಯ ಮನೆಯ ಫಲಾನುಭವಿಗಳ ಪಟ್ಟಿಯೂ ಅವರ ಕಡೆಗೇ ಬರುತ್ತದೆ. ಕಾನೂನು ಮಾಡಿ ಅಧಿಕಾರಿಯ ಮೇಲೆ ಕಣ್ಣಿಡಬೇಕಾದವರನ್ನು ಹಂಚುವ ಮೇಜಿನ ಆಚೆ ಕೂರಿಸಿದ್ದೇವೆ. ಸರ್ಕಾರ ಚಿಕ್ಕದಾಗಲಿ ಎಂದು ಪ್ರಚಾರ ಮಾಡಿ ಗೆದ್ದ ಒಬ್ಬ ಶಾಸಕ ಇಂದು ಕರ್ನಾಟಕದಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಅವನು ಮೊದಲು ಬಿಡಬೇಕಾದದ್ದು ಈ ಕುರ್ಚಿಗಳನ್ನು. ಬಿಟ್ಟರೆ ಕ್ಷೇತ್ರದ ಬಡವನಿಗೆ ಯಾರು ದಿಕ್ಕು? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಕಿರಿಯ ಸಂಶೋಧಕರಲ್ಲಿ ಕೇಳಿಕೊಳ್ಳುತ್ತೇನೆ. ಗೇಣಿದಾರರ ಎದುರು ನಿಂತು ಉತ್ತರ ಕೊಡಲಾಗದೆ ಸ್ವತಂತ್ರ ಪಕ್ಷ ಸೊರಗಿದ್ದು ನಿಜ. ದೇವರಾಜ ಅರಸರ ಭೂ ಸುಧಾರಣೆ 1974ರಲ್ಲಿ ಜಾರಿಗೆ ಬಂದಾಗ ಉಳುವವನ ಕೈ ಹಿಡಿದದ್ದು ಸರ್ಕಾರವೇ.

ಇನ್ನೂ ಎರಡು ಅಡ್ಡಿಗಳಿವೆ, ಬೇಗ ಹೇಳಿ ಮುಂದೆ ಹೋಗುತ್ತೇನೆ. 1989ರಿಂದ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಪ್ರಕಾರ, ನೋಂದಣಿ ಬಯಸುವ ಪಕ್ಷ ಸಮಾಜವಾದಕ್ಕೆ ನಿಷ್ಠೆ ಇದೆ ಎಂದು ಬರೆದುಕೊಡಬೇಕು. ಅಂದರೆ ರಾಜಾಜಿಯವರ ಪಕ್ಷ ಇವತ್ತು ಹುಟ್ಟುವುದಾದರೆ, ತಾನು ನಂಬದ್ದನ್ನು ನಂಬುತ್ತೇನೆ ಎಂದು ಬರೆದುಕೊಟ್ಟೇ ಹುಟ್ಟಬೇಕು. ಇನ್ನು 1985ರ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ. ವಿಪ್ ಮೀರಿ ಮತ ಹಾಕಿದ ಶಾಸಕನ ಸದಸ್ಯತ್ವಕ್ಕೇ ಕುತ್ತು. ಅಭ್ಯರ್ಥಿ ಊರೂರಿಗೆ ಹೋಗಿ ಹೇಳಿದ ತತ್ವಕ್ಕೆ ಸದನದೊಳಗೆ ಎಷ್ಟು ಬೆಲೆ ಎಂದು ನೀವೇ ಲೆಕ್ಕ ಹಾಕಿ. ಇಪ್ಪತ್ತೊಂದನೇ ತತ್ವ ಬರೆದವರ ದೇಶದಲ್ಲಿ ಇದು ನನಗೆ ನಿಜಕ್ಕೂ ದುಃಖ ತರುವ ಬದಲಾವಣೆ.

ಈಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆಗೆ ಬರುತ್ತೇನೆ. ಅದು ಒರಿಸ್ಸಾದ್ದು.

1967ರಲ್ಲಿ ಗುಜರಾತಿನ 168 ಸ್ಥಾನಗಳಲ್ಲಿ ಸ್ವತಂತ್ರ ಪಕ್ಷ 66 ಗೆದ್ದು ವಿರೋಧ ಪಕ್ಷವಾಯಿತು. ಒರಿಸ್ಸಾದಲ್ಲಿ 140ರಲ್ಲಿ 49 ಗೆದ್ದು, ಜನ ಕಾಂಗ್ರೆಸ್ ಜೊತೆ ಸೇರಿ ಸರ್ಕಾರವನ್ನೇ ಮಾಡಿತು. ಮುಖ್ಯಮಂತ್ರಿ ರಾಜೇಂದ್ರ ನಾರಾಯಣ ಸಿಂಗ್ ದೇವ್. ಸರ್ಕಾರದ ಕೈ ಚಿಕ್ಕದಾಗಬೇಕು ಎಂಬ ತತ್ವವನ್ನು ಹೊತ್ತ ಪಕ್ಷದವರು ಒಂದು ರಾಜ್ಯದ ಗದ್ದುಗೆಯ ಮೇಲೆ ಕೂತರು. ಅರ್ಡ್‌ಮನ್ ಪುಸ್ತಕ ಅಚ್ಚಾದದ್ದೂ 1967ರಲ್ಲೇ, ಹಾಗಾಗಿ ಈ ಕಥೆ ಅದರಲ್ಲಿ ಸಿಗುವುದಿಲ್ಲ. ಆಮೇಲೆ ಬಂದ ನಾವಾದರೂ ಬರೆಯಬೇಕಿತ್ತು. ಆ ಸರ್ಕಾರದ ಕಾಲದಲ್ಲಿ ಭೂಕಂದಾಯ ರದ್ದತಿಯ ಕೆಲಸ ನಡೆಯಿತು. ತತ್ವಕ್ಕೆ ತಕ್ಕ ನಡೆ. ಆದರೆ ಅದೇ ಸರ್ಕಾರ 1967ರಲ್ಲೇ ಒರಿಸ್ಸಾ ಧರ್ಮ ಸ್ವಾತಂತ್ರ್ಯ ಕಾಯ್ದೆಯನ್ನೂ ತಂದಿತು. ಸ್ವತಂತ್ರ ಭಾರತದಲ್ಲಿ ಒಂದು ರಾಜ್ಯ ಮಾಡಿದ ಮೊದಲ ಮತಾಂತರ ತಡೆ ಕಾನೂನು ಅದು. ಬಲವಂತ, ಆಮಿಷ, ವಂಚನೆಯಿಂದ ಮತಾಂತರ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಮತಾಂತರವಾದವರು ಹೆಣ್ಣು, ಅಪ್ರಾಪ್ತ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಎರಡು ಪಟ್ಟು.

ಹೊಲಕ್ಕೆ ಇಳಿಯಬೇಡ ಎಂದು ಸರ್ಕಾರಕ್ಕೆ ಹೇಳಿದವರು ಮನಸ್ಸಿನೊಳಗೆ ಇಳಿಯಲು ಅದೇ ಸರ್ಕಾರಕ್ಕೆ ಬಾಗಿಲು ತೆರೆದದ್ದು ಹೇಗೆ?

ಸಿಂಗ್ ದೇವ್ ಅವರ ಹಿನ್ನೆಲೆಯಲ್ಲಿ ಉತ್ತರ ಇದೆ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಅವರು ಪಾಟ್ನಾ ಸಂಸ್ಥಾನದ ಕೊನೆಯ ಅರಸರು; ಬಿಹಾರದ ಪಾಟ್ನಾ ಅಲ್ಲ, ಬಲಾಂಗೀರ್ ಕಡೆಯದು. ಆ ಸಂಸ್ಥಾನದಲ್ಲಿ 1942ರಲ್ಲೇ ಧರ್ಮ ಸ್ವಾತಂತ್ರ್ಯ ಕಾಯ್ದೆ ಎಂಬ ಹೆಸರಿನದ್ದೇ ಒಂದು ಕಾನೂನು ಆಗಿತ್ತು. ಅರಸನಾಗಿ ಮಾಡಿದ್ದನ್ನು ಮುಖ್ಯಮಂತ್ರಿಯಾಗಿ ಮತ್ತೆ ಮಾಡಿದರು, ಅಷ್ಟೇ ಎನ್ನುವುದು ಅವರ ವಾದ. ಎರಡು ಕಾಯ್ದೆಗಳ ನಡುವಿನ ನಂಟು ನನಗೂ ಬಹಳ ಮುಖ್ಯವೆನಿಸುತ್ತದೆ. ಆದರೆ ಅದು ಒಬ್ಬ ವ್ಯಕ್ತಿಯ ವಿವರಣೆ. ಮಸೂದೆಗೆ ಬೇಕಾಗಿದ್ದು ಸದನದ ಬಹುಮತ. ಮೈತ್ರಿಯ ಒತ್ತಡ ಎನ್ನುವವರಿಗೂ ಇದೇ ಮಾತು: ಭೂಕಂದಾಯದಲ್ಲಿ ತತ್ವಕ್ಕೆ ಒಪ್ಪಿದ ಮೈತ್ರಿ ಇಲ್ಲಿ ಮಾತ್ರ ಯಾಕೆ ಎದುರು ನಿಂತಿತು?

ನಾನು ಉತ್ತರ ಹುಡುಕುವುದು ಆ ಪಕ್ಷದ ತತ್ವದ ಒಳಗೇ. ರಾಜಾಜಿಯವರನ್ನೇ ನೋಡಿ. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಆಹಾರ ಧಾನ್ಯದ ಕಂಟ್ರೋಲ್ ತೆಗೆದರು. ಪರ್ಮಿಟ್ಟು, ಲೈಸೆನ್ಸುಗಳ ಆಡಳಿತದ ವಿರುದ್ಧ ಅವರಷ್ಟು ಬಿಡದೆ ಬರೆದವರು ಇನ್ನೊಬ್ಬರಿಲ್ಲ. ಅದೇ ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದರು, ಕೈಬಿಟ್ಟ ಅಬಕಾರಿ ಆದಾಯ ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. 1971ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪಾನನಿರೋಧ ತೆಗೆಯಬೇಡಿ ಎಂದು ಕೇಳಲು ಮಳೆಯಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋದರು. ಇಂಥ ಮನುಷ್ಯನನ್ನು ಬೂಟಾಟಿಕೆಯವರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ ಸರ್ಕಾರ ಮಾರುಕಟ್ಟೆಯಿಂದ ದೂರ ನಿಲ್ಲಬೇಕು, ಧರ್ಮದ ಬೆನ್ನಿಗೆ ನಿಲ್ಲಬೇಕು. ಎರಡೂ ಅವರಿಗೆ ಒಂದೇ ನಂಬಿಕೆಯಿಂದ ಬಂದದ್ದು. ಹಾಗಿದ್ದರೆ ಈ ನೆಲದಲ್ಲಿ ಸರ್ಕಾರದ ಮಿತಿಯ ಮಾತು ಹುಟ್ಟಿದ್ದು ಆಸ್ತಿಯ ಹಕ್ಕಿನಿಂದಲೋ, ಆತ್ಮಸಾಕ್ಷಿಯ ಹಕ್ಕಿನಿಂದಲೋ? ಇದನ್ನು ನಾವು ಬಿಡಿಸಿಲ್ಲ. ಬಿಡಿಸದೆ ಇಂದಿನ ಯಾವ ಅಭ್ಯರ್ಥಿಯ ಪ್ರಣಾಳಿಕೆಯನ್ನೂ ಸರಿಯಾಗಿ ಓದಲು ಬರುವುದಿಲ್ಲ.

ಒರಿಸ್ಸಾದ ಆ ಕಾಯ್ದೆಯ ಮುಂದಿನ ಕಥೆ ಕಾನೂನು ವಿಭಾಗದ ಮಿತ್ರರಿಗೆ ಗೊತ್ತು. ಒರಿಸ್ಸಾ ಹೈಕೋರ್ಟ್ 1972ರಲ್ಲಿ ಅದನ್ನು ತಳ್ಳಿಹಾಕಿತು. ಧರ್ಮದ ವಿಷಯದಲ್ಲಿ ಇಂಥ ಕಾನೂನು ಮಾಡುವ ಅಧಿಕಾರ ರಾಜ್ಯ ಶಾಸನಸಭೆಗಿಲ್ಲ ಎಂದಿತು. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದು ರಾಜ್ಯ ಪಟ್ಟಿಯ ಸಾರ್ವಜನಿಕ ಸುವ್ಯವಸ್ಥೆಯ ವಿಷಯ ಎಂದು ಹೇಳಿ ಎತ್ತಿಹಿಡಿಯಿತು. 1989ರಲ್ಲಿ ನಿಯಮಗಳು ಬಂದವು; ಮತಾಂತರದ ವಿಧಿ ನಡೆಸುವ ಪುರೋಹಿತ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕಾಯಿತು. ಪರ್ಮಿಟ್ಟಿನ ವಿರುದ್ಧ ಹುಟ್ಟಿದ ಪಕ್ಷ ಮಾಡಿದ ಕಾಯ್ದೆ ಕೊನೆಗೆ ಒಬ್ಬ ಅಧಿಕಾರಿಯ ಟೇಬಲ್ಲಿಗೆ ಬಂದು ನಿಂತಿತು. ಇದೇ ದಾರಿಯಲ್ಲಿ ಬೇರೆ ರಾಜ್ಯಗಳು ನಡೆದವು. 2022ರಲ್ಲಿ ನಮ್ಮ ವಿಧಾನಮಂಡಲವೂ ಒಂದು ಕಾಯ್ದೆ ಮಾಡಿತು.

ಇಂದು ಮಧ್ಯಾಹ್ನ ಮೊದಲ ಗೋಷ್ಠಿಯಲ್ಲಿ ಬಗರ್ ಹುಕುಂ ಸಮಿತಿಗಳ ಮೇಲೆ ಪ್ರಬಂಧವಿದೆ, ನಾಳೆ ಮೈಸೂರು ರಾಜಕಾರಣದ ಮೇಲಿದೆ. ಆ ಗೋಷ್ಠಿಗಳಿಗೆ ನನ್ನದೊಂದು ಕೋರಿಕೆ. 1967ರಲ್ಲಿ ಗೆದ್ದ ಆ ಹದಿನಾರು ಶಾಸಕರು ಭೂಮಿತಿಯ ಬಗ್ಗೆ, ಲೆವಿಯ ಬಗ್ಗೆ ಏನು ಹೇಳುತ್ತಿದ್ದರೆಂದು ಪಕ್ಷದ ತತ್ವ ನೋಡಿಯೇ ಅಂದಾಜು ಮಾಡಬಹುದು. ಪೊಲೀಸ್ ಇಲಾಖೆಯ ಅನುದಾನದ ಬೇಡಿಕೆ ಸದನಕ್ಕೆ ಬಂದ ದಿನ, ಅಬಕಾರಿಯ ಚರ್ಚೆ ನಡೆದ ದಿನ, ಮುಜರಾಯಿ ಇಲಾಖೆಯ ವಿಷಯ ಬಂದ ದಿನ ಅವರು ಯಾರ ಪರ ಎದ್ದು ನಿಂತರು? ಸದನದ ನಡಾವಳಿಯ ಸಂಪುಟಗಳಲ್ಲಿ ಇದೆಲ್ಲ ದಾಖಲಾಗಿದೆ. ಅಲ್ಲಿಂದ ಶುರು ಮಾಡಿ.