ಹಲ್ಲಿನ ಕಲೆಯೂ ವಿಜ್ಞಾನದ ಪಾಠವೂ

ವಿಜ್ಞಾನ ಎಲ್ಲಿದೆ ಎಂದು ಒಂಬತ್ತನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಪ್ರಯೋಗಾಲಯದ ಬೀರುವಿನಲ್ಲಿ ಎಂದಾರು. ಬೀರುವಿಗೆ ಬೀಗ ಬಿದ್ದಿದ್ದರೆ ಪುಸ್ತಕದಲ್ಲಿ ಎಂದಾರು. ತಮ್ಮ ಬಾಯೊಳಗೇ ಇದೆ ಎನ್ನುವವರು ವಿರಳ.

ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಈ ಮಾತು ಅಕ್ಷರಶಃ ನಿಜ. ಇಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುವ ಹುಡುಗಿಯರು ಇಂಥ ಸೀಮೆಯಲ್ಲಿ ಇದ್ದೇ ಇರುತ್ತಾರೆ. ಸರಿಯಾಗಿ ಹಲ್ಲುಜ್ಜುವುದಿಲ್ಲ ಎಂಬ ಬೈಗುಳವನ್ನೂ ಅವರು ಕೇಳಿರುತ್ತಾರೆ.

ಹಿರಿಯೂರಿನ ಬಳಿ ಹೆದ್ದಾರಿಯಲ್ಲಿರುವ ಆದಿವಾಲದಂಥ ಊರಿನ ಶಾಲೆಯಲ್ಲಿ ರಸಾಯನ ವಿಜ್ಞಾನ ಇಲ್ಲಿಂದಲೇ ಶುರುವಾಗಬಹುದಲ್ಲವೇ? ಆಳದ ಬಂಡೆಯಲ್ಲಿನ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಎಳವೆಯಲ್ಲಿ ಕುಡಿದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮಲ್ ಕೆಡುತ್ತದೆ. ಕಲೆ ಮೂಡುವುದು ಹಾಗೆ. ಉಜ್ಜಿದರೆ ಹೋಗದು, ಒಬ್ಬರಿಂದೊಬ್ಬರಿಗೆ ಅಂಟದು. ನೀರು ಕಾಯಿಸಿದರಾಯಿತು ಎನ್ನುವವರುಂಟು. ಕುದಿಸಿದಾಗ ಆವಿಯಾಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಹಾಗಾದರೆ ಟೂತ್‌ಪೇಸ್ಟಿಗೆ ಅದನ್ನೇಕೆ ಬೆರೆಸುತ್ತಾರೆ? ಅಲ್ಪ ಪ್ರಮಾಣದಲ್ಲಿ ಅದು ಹಲ್ಲನ್ನು ಗಟ್ಟಿ ಮಾಡುತ್ತದೆ. ಈ ಪ್ರಶ್ನೆ ಎದ್ದ ದಿನ ಸಾಂದ್ರತೆಯ ಪಾಠವನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ. ಆದರೆ ಮೇಷ್ಟ್ರು ಯಾವ ಮಗುವನ್ನೂ ಎಬ್ಬಿಸಿ ನಿಲ್ಲಿಸಿ ಉದಾಹರಣೆ ಮಾಡಬಾರದು. ಪರೀಕ್ಷೆಗೆ ಊರಿನ ನಲ್ಲಿಗಳ ನೀರಿದೆ, ಅದು ಸಾಕು.

ಹದಿಹರೆಯದವರಿಗೆ ಏನು ಬೇಕು ಎಂದು ಅವರನ್ನೇ ಕೇಳಿದವರೂ ಇದ್ದಾರೆ. ಓಸ್ಲೋ ವಿಶ್ವವಿದ್ಯಾಲಯದಿಂದ ಹೊರಟ ‘ರೋಸ್’ ಎಂಬ ಅಧ್ಯಯನ 2000ರ ದಶಕದ ಆರಂಭದಲ್ಲಿ ಸುಮಾರು 40 ದೇಶಗಳ 15 ವರ್ಷದ ಮಕ್ಕಳನ್ನು ಮಾತಾಡಿಸಿತು. ಬಡ ದೇಶಗಳ ಮಕ್ಕಳು ಹೆಚ್ಚುಕಡಿಮೆ ಎಲ್ಲವನ್ನೂ ಕಲಿಯುವ ಆಸೆ ತೋರಿದರು. ಸಿರಿವಂತ ದೇಶಗಳಲ್ಲಿ ಆ ಉತ್ಸಾಹ ತಗ್ಗಿತ್ತು. ಅಲ್ಲಿ ಹುಡುಗಿಯರ ಮನಸ್ಸು ದೇಹ, ಆರೋಗ್ಯದತ್ತ; ಹುಡುಗರದು ಸ್ಫೋಟಕ, ಯಂತ್ರಗಳತ್ತ. ಭೂಮಿಯಾಚೆ ಜೀವವಿದೆಯೇ ಎಂಬ ಕುತೂಹಲ ಮಾತ್ರ ಇಬ್ಬರಿಗೂ ಇತ್ತು.

ಈ ಕೊನೆಯ ಮಾತು ಮುಖ್ಯ. ಹಳ್ಳಿಯ ಮಗುವಿಗೆ ಗೊಬ್ಬರ, ಕೊಳವೆಬಾವಿ ಸಾಕು, ನಕ್ಷತ್ರ ಪಟ್ಟಣದವರಿಗಿರಲಿ ಎಂಬ ಧೋರಣೆ ಸ್ಥಳೀಯತೆಯ ಹೆಸರಿನಲ್ಲಿ ನುಸುಳುತ್ತದೆ. ಲೆಕ್ಕದಲ್ಲಿ ರಾಮನ ಬದಲು ತಿಮ್ಮನನ್ನು ತಂದರೂ ಪಾಠ ಹತ್ತಿರವಾಗದು.

ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ ಈ ತಾಲ್ಲೂಕಿನಲ್ಲೇ ಇದೆ. 1933ರ ಬಳಿಕ ಅದು ಕೋಡಿ ಬಿದ್ದದ್ದು 2022ರಲ್ಲಿ. ಅಂದು ನೋಡಲು ನೆರೆದವರಲ್ಲಿ ಮಕ್ಕಳೂ ಇದ್ದರು. ಅಣೆಕಟ್ಟೆಯ ಬುಡ ಏಕೆ ಅಷ್ಟು ದಪ್ಪ, ಎಂಬತ್ತೊಂಬತ್ತು ವರ್ಷ ಏಕೆ ತುಂಬಲಿಲ್ಲ ಎಂದು ಅವರು ಮರುದಿನ ತರಗತಿಯಲ್ಲಿ ಕೇಳಿದ್ದರೆ, ಮೊದಲನೆಯದಕ್ಕೆ ಉತ್ತರ ಪುಸ್ತಕದ ಒತ್ತಡದ ಪಾಠದಲ್ಲಿದೆ. ಎರಡನೆಯದಕ್ಕೆ ಮೇಷ್ಟ್ರೂ ಮಕ್ಕಳ ಜೊತೆ ಹುಡುಕಲು ಹೊರಡಬೇಕು.