ಎರಡು ದಾರಿ ಹಿಡಿದ ಫೋಟೊ

ಅಪ್ಪನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಪಾಠದ ವಿಡಿಯೊ ನೋಡುತ್ತಿದ್ದೀರಿ. ಅಕ್ಕನೂ ಅದಕ್ಕೇ ಸೇರಿಕೊಂಡಳು. ತಗೋ, ಪರದೆಯ ನಡುವೆ ಚಕ್ರ ಸುತ್ತತೊಡಗಿತು! ಮನೆಯ ವೈಫೈ ಇದೆ, ಈ ಕೋಣೆಗೆ ಅರೆಬರೆ ಬರುತ್ತದೆ. ಎರಡನ್ನೂ ಸೇರಿಸಿ ಬಳಸಬಹುದಲ್ಲ?

ಬಳಸಬಹುದು, ಆದರೆ ಅಂದುಕೊಂಡಷ್ಟು ಸಲೀಸಲ್ಲ.

ಇಂಟರ್ನೆಟ್ಟಿನಲ್ಲಿ ಯಾವುದೂ ಇಡಿಯಾಗಿ ಸಾಗುವುದಿಲ್ಲ. 3 ಎಂಬಿ ಫೋಟೊ ಕಳಿಸಿದರೆ ಅದು ಎರಡು ಸಾವಿರದಷ್ಟು ಪ್ಯಾಕೆಟ್‌ಗಳಾಗುತ್ತದೆ. ಒಂದೊಂದೂ ಸಾಮಾನ್ಯವಾಗಿ 1,500 ಬೈಟ್ ಒಳಗಿನದು. ತಾನು ಎಲ್ಲಿ ಸೇರಬೇಕು ಎಂಬ ಸಂಖ್ಯೆ ಪ್ರತಿಯೊಂದರ ಮೇಲೂ ಇರುತ್ತದೆ. ಕಳೆದುಹೋದದ್ದನ್ನು ಮತ್ತೆ ತರಿಸಿ, ಎಲ್ಲವನ್ನೂ ಸಾಲಾಗಿ ಜೋಡಿಸುವ ನಿಯಮಗಳ ಹೆಸರು ಟಿಸಿಪಿ. ವಿಂಟ್ ಸರ್ಫ್, ಬಾಬ್ ಕಾನ್ ಇಬ್ಬರೂ ಇದರ ಮೊದಲ ರೂಪವನ್ನು ಪ್ರಕಟಿಸಿದ್ದು 1974ರಲ್ಲಿ. ಜೇಬಿನಲ್ಲಿ ವೈಫೈ, ಮೊಬೈಲ್ ಡೇಟಾ ಎರಡನ್ನೂ ಇಟ್ಟುಕೊಂಡು ಓಡಾಡುವವರು ಆಗ ಯಾರಿದ್ದರು? ಹಾಗಾಗಿ ಟಿಸಿಪಿ ಸಂಪರ್ಕ ಒಂದೇ ಐಪಿ ವಿಳಾಸವನ್ನು ನೆಚ್ಚಿಕೊಂಡಿತು. ವೈಫೈಯಲ್ಲಿ ಫೋನಿಗೆ ಒಂದು ವಿಳಾಸ, ಮೊಬೈಲ್ ಡೇಟಾದಲ್ಲಿ ಇನ್ನೊಂದು. ಗೇಟು ದಾಟುತ್ತಲೇ ವೈಫೈ ತಪ್ಪಿದರೆ ಹಳೆಯ ಸಂಪರ್ಕ ಕಡಿದುಬೀಳುತ್ತದೆ.

ಈ ಗಂಟನ್ನು ಬಿಡಿಸಲು ಬಂದದ್ದು ಮಲ್ಟಿಪಾತ್ ಟಿಸಿಪಿ. ಇದರಲ್ಲಿ ಸಂಪರ್ಕ ಒಂದೇ, ದಾರಿ ಎರಡು. ಪ್ಯಾಕೆಟ್‌ಗೆ ಎರಡು ಸಂಖ್ಯೆ: ತನ್ನ ದಾರಿಯಲ್ಲಿ ಎಷ್ಟನೆಯದು, ಇಡೀ ಫೋಟೊದಲ್ಲಿ ಎಷ್ಟನೆಯದು.

ತೊಡಕಿರುವುದು ಇಲ್ಲೇ. ವೈಫೈಯಲ್ಲಿ ಪ್ಯಾಕೆಟ್ 20 ಮಿಲಿಸೆಕೆಂಡಿನಲ್ಲಿ ತಲುಪುತ್ತದೆ, ಮೊಬೈಲ್ ಡೇಟಾದಲ್ಲಿ 100 ಬೇಕು ಅಂದುಕೊಳ್ಳಿ. ಐದನೆಯದು ಮೊಬೈಲ್ ದಾರಿ ಹಿಡಿಯಿತು. ಆರು, ಏಳು, ಎಂಟು ವೈಫೈಯಲ್ಲಿ ಓಡಿಬಂದವು. ಬಂದು ಮಾಡುವುದೇನು? ಮದುವೆಯೂಟದಲ್ಲಿ ಅನ್ನ ಬಡಿಸಿಯಾಗಿ ಸಾರಿನವರು ಇನ್ನೂ ಪಂಕ್ತಿಯ ಆ ತುದಿಯಲ್ಲಿದ್ದರೆ ಎಲೆ ಮುಂದೆ ಸುಮ್ಮನೆ ಕೂರುವುದಿಲ್ಲವೇ, ಹಾಗೆ ಐದನೆಯದಕ್ಕೆ ಕಾಯಬೇಕು. ಕಾಯುವವರ ಜಾಗ ತುಂಬಿಬಿಟ್ಟರೆ ಕಳಿಸುವವರೂ ಕೈಕಟ್ಟಿ ನಿಲ್ಲಬೇಕು. ಹೀಗಾದಾಗ ಎರಡು ದಾರಿಗಿಂತ ವೇಗದ ಒಂದೇ ದಾರಿ ವಾಸಿ! ಅದಕ್ಕೇ ಪ್ಯಾಕೆಟ್ ಹಂಚುವ ತಂತ್ರಾಂಶ ಎರಡೂ ದಾರಿಗಳಲ್ಲಿ ಹೋಗಿಬರಲು ಹಿಡಿಯುವ ಸಮಯವನ್ನು ಅಳೆಯುತ್ತಲೇ ಇರುತ್ತದೆ.

2013ರಲ್ಲಿ ಆಪಲ್ ಮಲ್ಟಿಪಾತ್ ಟಿಸಿಪಿಯನ್ನು ಐಫೋನಿನ ಧ್ವನಿ ಸಹಾಯಕ ಸಿರಿಗೆ ಅಳವಡಿಸಿತು. ವೇಗಕ್ಕಿಂತ ಹೆಚ್ಚಾಗಿ, ನಡೆದಾಡುತ್ತ ಮಾತಾಡುವಾಗ ಸಂಪರ್ಕ ಕಡಿಯದಿರಲಿ ಎಂದು. ನನ್ನ ಮಟ್ಟಿಗೆ ಇದರ ನಿಜವಾದ ಲಾಭವೂ ಅದೇ. ವೇಗದ ಆಸೆಗೆ ಎರಡೂ ದಾರಿಗಳನ್ನು ಕೂಡಿಸಿದ್ದು ದಕ್ಷಿಣ ಕೊರಿಯಾದ ಕೆಟಿ ಕಂಪನಿ, 2015ರಲ್ಲಿ. ಎಲ್ಲ ವೆಬ್‌ಸೈಟುಗಳಿಗೂ ಈ ಹೊಸ ನಿಯಮ ಗೊತ್ತಿರುವುದಿಲ್ಲವಲ್ಲ, ಆದ್ದರಿಂದ ನಡುವೆ ತನ್ನದೇ ಕಂಪ್ಯೂಟರುಗಳನ್ನು ಕೂರಿಸಿ ಅಲ್ಲಿ ಪ್ಯಾಕೆಟ್‌ಗಳನ್ನು ಕೂಡಿಸಿ ಮುಂದೆ ದಾಟಿಸಿತು.

ನಿಮ್ಮ ಲ್ಯಾಪ್‌ಟಾಪಿಗೆ ಬರೋಣ. ಅದು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ವೈಫೈಗೆ ಸೇರುತ್ತದೆ. ಹಾಗಾಗಿ ಮನೆಯ ವೈಫೈ ಹಿಡಿದು, ಮೊಬೈಲಿನ ಇಂಟರ್ನೆಟ್ಟನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಕೊಡಬೇಕು. ಎರಡನ್ನೂ ಕೂಡಿಸುವ ತಂತ್ರಾಂಶ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಒಂದನ್ನಷ್ಟೇ ಆರಿಸಿಕೊಂಡು ಇನ್ನೊಂದನ್ನು ಸುಮ್ಮನೆ ಇಟ್ಟುಕೊಳ್ಳುತ್ತದೆ. ಇದ್ದರೆ ಎರಡೂ ಓಡುತ್ತವೆ, ಅಪ್ಪನ ಡೇಟಾ ಪ್ಯಾಕೂ ಕರಗುತ್ತದೆ. ಕೇಬಲ್ ಸಿಕ್ಕಿಸುವ ಮೊದಲು ಅವರನ್ನು ಒಂದು ಮಾತು ಕೇಳಿಬಿಡಿ.